ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ: ಸುರಂಗವೋ, ಮೆಟ್ರೋವೋ, ಬಸ್ಸೋ?

ನಮ್ಮ ಭಾವನ ಮನೆ ಸಹಕಾರನಗರದಲ್ಲಿ, ಆಫೀಸು ಎಚ್‌ಎಸ್‌ಆರ್ ಲೇಔಟಿನಲ್ಲಿ. ಹಬ್ಬಕ್ಕೆ ಊಟಕ್ಕೆ ಕೂತರೆ ಒಬ್ಬಟ್ಟು ಬರುವ ಮುಂಚೆಯೇ ಟ್ರಾಫಿಕ್ಕಿನ ಮಾತು ಬರುತ್ತದೆ. "ಸುರಂಗ ಒಂದು ಆಗಿಬಿಡಲಿ ನೋಡು, ಇಪ್ಪತ್ತೇ ನಿಮಿಷ" ಅನ್ನುತ್ತಾರೆ ಭಾವ. ಅಕ್ಕನ ಮಗಳಿಗೆ ಮೆಟ್ರೋ ಬೇಕು. ನಾನು ಬಸ್ ಅಂದರೆ ಇಬ್ಬರೂ ನಗುತ್ತಾರೆ. ಈ ಜಗಳ ನಮ್ಮ ಮನೆಯದು ಮಾತ್ರ ಅಲ್ಲ. "ನೀವೇ ಹೇಳಿ, ಯಾವುದಕ್ಕೆ ಸೈ ಅನ್ನಬೇಕು?" ಎಂದು ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಡೀ ಬೆಂಗಳೂರನ್ನು ಒಟ್ಟಿಗೆ ಹಿಡಿದುಕೊಂಡರೆ ಲೆಕ್ಕ ಕೈಗೆ ಸಿಗುವುದಿಲ್ಲ. ಹಾಗಾಗಿ ಎರಡೇ ತುದಿ ಇಟ್ಟುಕೊಳ್ಳೋಣ: ಹೆಬ್ಬಾಳ, ಸಿಲ್ಕ್ ಬೋರ್ಡ್. ಈ ಎರಡರ ನಡುವೆ ನೆಲದಡಿಯ ಸುರಂಗ ರಸ್ತೆಯ ಯೋಜನೆ ಇದೆ. ಹೊರವರ್ತುಲ ರಸ್ತೆಯ ಮೇಲೆ ಮೆಟ್ರೋ ನೀಲಿ ಮಾರ್ಗದ ಕೆಲಸ ನಡೆಯುತ್ತಿದೆ. ಪಕ್ಕದಲ್ಲಿ ಉಪನಗರ ರೈಲಿನ ಹಳಿ ಬರಬೇಕಿದೆ. ಇವು ಯಾವುವೂ ಇಲ್ಲದ ಕಾಲದಿಂದ 500ಡಿ ಬಸ್ಸು ಇದೇ ಎರಡು ತುದಿಗಳ ನಡುವೆ ಓಡುತ್ತಿದೆ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಮೊದಲು ಅಳತೆಗೋಲು

ಸೀರೆ ಅಂಗಡಿಗೆ ಹೋಗುವ ಮುಂಚೆ ಎಷ್ಟರೊಳಗೆ, ಯಾರಿಗೆ, ಯಾವ ಸಮಾರಂಭಕ್ಕೆ ಎಂದು ಯೋಚನೆ ಮಾಡಿರುತ್ತೇವೆ. ಸಾವಿರಾರು ಕೋಟಿಯ ಕಾಮಗಾರಿಗೆ ಮಾತ್ರ ಯಾಕೋ ನೇರವಾಗಿ ಬಣ್ಣ ನೋಡಲು ಶುರುಮಾಡುತ್ತೇವೆ.

ನನ್ನ ಮೊದಲ ಪ್ರಶ್ನೆ, ಒಂದು ಗಂಟೆಯಲ್ಲಿ ಎಷ್ಟು ಜನ ದಾಟುತ್ತಾರೆ ಎಂಬುದು. ಎಷ್ಟು ಗಾಡಿ ಅಲ್ಲ, ಎಷ್ಟು ಜನ. ಇದು ನಾನು ಕಂಡುಹಿಡಿದ ಮಾತೇನಲ್ಲ. ಸಾಗಬೇಕಾದವರು ಜನ, ವಾಹನಗಳಲ್ಲ ಎಂದು ಕೇಂದ್ರದ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿದೆ.

ಎರಡನೆಯದು ದುಡ್ಡು. ಒಂದು ಕಿಲೋಮೀಟರಿಗೆ ಎಷ್ಟು, ಅದು ಯಾರ ಜೇಬಿನಿಂದ, ಕಟ್ಟಿದ ಮೇಲೆ ವರ್ಷ ವರ್ಷ ನಡೆಸಲು ಎಷ್ಟು ಎಂಬುದೆಲ್ಲ ಇದರಲ್ಲೇ ಬರುತ್ತದೆ. ಮೂರನೆಯದು, ಯಾವಾಗ ಸಿಗುತ್ತದೆ. ನಾಲ್ಕನೆಯದು, ಯಾರಿಗೆ ಬಾಗಿಲು ತೆರೆದಿದೆ. ಕಾರಿದ್ದವರಿಗೆ ಮಾತ್ರವೋ, ಗಾರ್ಮೆಂಟ್ಸ್ ಕೆಲಸದವರಿಗೂ ಇದೆಯೋ? ಐದನೆಯದು, ಹತ್ತು ವರ್ಷ ಆದ ಮೇಲೂ ಅದು ಕೆಲಸ ಮಾಡುತ್ತಿರುತ್ತದೆಯೋ. ಕೊನೆಯದು, ತಪ್ಪಾಯಿತು ಅನ್ನಿಸಿದರೆ ತಿದ್ದಿಕೊಳ್ಳಬಹುದೋ. ಬಸ್ ಮಾರ್ಗ ಸರಿ ಬರಲಿಲ್ಲ ಅಂದರೆ ಮುಂದಿನ ತಿಂಗಳೇ ಬದಲಾಯಿಸಬಹುದು. ಸುರಂಗಕ್ಕೆ ಆ ಅವಕಾಶ ಇಲ್ಲ.

ಸುರಂಗ ರಸ್ತೆ

ಹೆಬ್ಬಾಳದ ಎಸ್ಟೀಮ್ ಮಾಲ್ ಹತ್ತಿರದಿಂದ ಮೇಖ್ರಿ ವೃತ್ತ, ರೇಸ್ ಕೋರ್ಸ್, ಲಾಲ್‌ಬಾಗ್ ಕಡೆಯಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಎರಡು ಕೊಳವೆ, ಒಂದೊಂದರಲ್ಲೂ ಮೂರು ಲೇನ್. ಅಂದಾಜು ವೆಚ್ಚ ಸುಮಾರು 17,700 ಕೋಟಿ ರೂಪಾಯಿ. ಅಂದರೆ ಕಿಲೋಮೀಟರಿಗೆ ಸಾವಿರ ಕೋಟಿಗೂ ಜಾಸ್ತಿ. ಖಾಸಗಿಯವರು ಸ್ವಲ್ಪ ಹಾಕುತ್ತಾರೆ, ಸರ್ಕಾರ ಸ್ವಲ್ಪ ಹಾಕುತ್ತದೆ, ಆಮೇಲೆ ಟೋಲ್ ವಸೂಲಿ. ಯೋಜನೆಯ ಪ್ರಕಾರ ಬೈಕು, ಸ್ಕೂಟರ್, ಆಟೋಗಳಿಗೆ ಒಳಗೆ ಪ್ರವೇಶ ಇಲ್ಲ.

ಭಾವ ಹೇಳುವುದರಲ್ಲಿ ನಿಜ ಇದೆ. ಸಿಗ್ನಲ್ ಇಲ್ಲದ, ಮಳೆಗೆ ನೆನೆಯದ ದಾರಿ. ಮೇಲೆ ಜಾಗ ಇಲ್ಲದ ಊರಲ್ಲಿ ಕೆಳಗೆ ಹೋಗೋಣ ಅನ್ನುವುದು ಮೇಲುನೋಟಕ್ಕೆ ಸರಿ ಕಾಣುತ್ತದೆ. 2016ರಲ್ಲಿ ಇದೇ ಹೆಬ್ಬಾಳಕ್ಕೆ ಬಸವೇಶ್ವರ ವೃತ್ತದಿಂದ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ 800ಕ್ಕೂ ಜಾಸ್ತಿ ಮರ ಹೋಗುತ್ತವೆ ಎಂದು ಜನ ರಸ್ತೆಯಲ್ಲಿ ಕೈ ಕೈ ಹಿಡಿದು ನಿಂತರು. ಮರುವರ್ಷ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಸುರಂಗಕ್ಕೆ ಅಷ್ಟು ಮರ ಕಡಿಯಬೇಕಾಗಿಲ್ಲ ಅನ್ನುವುದು ಪರ ಇರುವವರ ದೊಡ್ಡ ವಾದ. ಆದರೆ ಸುರಂಗಕ್ಕೂ ಒಳಗೆ ಇಳಿಯುವ, ಹೊರಗೆ ಬರುವ ಬಾಯಿಗಳು ಬೇಕು. ಆ ಬಾಯಿ ನೆಲದ ಮೇಲೇ ತೆರೆಯಬೇಕು. ಲಾಲ್‌ಬಾಗ್ ಅಂಚಿನಲ್ಲಿ ಒಂದು ರ‍್ಯಾಂಪ್ ಎಂದು ಗೊತ್ತಾದಾಗ 2025ರಲ್ಲಿ ಎಷ್ಟು ಗಲಾಟೆ ಆಯಿತು ಎಂದು ನಿಮಗೆ ನೆನಪಿರಬಹುದು.

ಈಗ ತಲೆ ಎಣಿಸೋಣ. ಸಿಗ್ನಲ್ ಇಲ್ಲದ ಒಂದು ಲೇನಿನಲ್ಲಿ, ಎಲ್ಲ ಚೆನ್ನಾಗಿ ನಡೆದರೆ, ಗಂಟೆಗೆ 1,800 ಕಾರು ಎಂದುಕೊಳ್ಳಿ. ಇದು ಧಾರಾಳದ ಲೆಕ್ಕ. ಕಾರಿಗೆ ಸರಾಸರಿ ಒಂದೂವರೆ ಜನ. ಮೂರು ಲೇನಿಗೆ ಸುಮಾರು 8,000 ಜನ. ಒಂದು ದಿಕ್ಕಿಗೆ, ಒಂದು ಗಂಟೆಗೆ. ಈ 8,000 ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಬೆಂಗಳೂರಿನಲ್ಲಿ ನೋಂದಣಿಯಾದ ಗಾಡಿಗಳು 1 ಕೋಟಿ ದಾಟಿವೆ. ಅದರಲ್ಲಿ ಮೂರಕ್ಕೆ ಎರಡು ಭಾಗ ದ್ವಿಚಕ್ರ ವಾಹನ. ಅವುಗಳಿಗೆ ಒಳಗೆ ಬಿಡದ ರಸ್ತೆಗೆ ಈ ಊರಿನ ಅತಿ ದುಬಾರಿ ಕಿಲೋಮೀಟರುಗಳು ಹೋಗುತ್ತವೆ ಅಂದರೆ, ನಾಲ್ಕನೇ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಹತ್ತು ವರ್ಷದ ಪ್ರಶ್ನೆ ಸ್ವಲ್ಪ ನಿಧಾನವಾಗಿ ನೋಡಬೇಕು. ಮನೆಗೆ ಹೊಸ ಬೀರು ತಂದರೆ ಏನಾಗುತ್ತದೆ? ಆರು ತಿಂಗಳು ಖಾಲಿ ಖಾಲಿ, ಆಮೇಲೆ ಅದೂ ತುಂಬಿ ಬಾಗಿಲು ಹಾಕಲಾಗುವುದಿಲ್ಲ. ರಸ್ತೆಯದೂ ಅದೇ ಕಥೆ. ಹೊಸ ದಾರಿ ತೆರೆದಾಗ ಮೊದಮೊದಲು ಹಾಯಾಗಿರುತ್ತದೆ. ಆ ಹಾಯನ್ನು ನೋಡಿಯೇ ಬೆಳಗ್ಗೆ ಆರಕ್ಕೆ ಹೊರಡುತ್ತಿದ್ದವರು ಒಂಬತ್ತಕ್ಕೆ ಹೊರಡುತ್ತಾರೆ. ಬಸ್ಸಿನವರು ಕಾರು ಕೊಳ್ಳುತ್ತಾರೆ. ಇನ್ನೂ ದೂರ ಸೈಟು ಕೊಂಡವರು "ಪರವಾಗಿಲ್ಲ, ಅರ್ಧ ಗಂಟೆ ಅಷ್ಟೇ" ಅಂದುಕೊಳ್ಳುತ್ತಾರೆ. ದಾರಿ ಮತ್ತೆ ತುಂಬುತ್ತದೆ. ಅಮೆರಿಕದ ನಗರಗಳ ದಶಕಗಳ ಲೆಕ್ಕ ಹಿಡಿದು ಡ್ಯುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದೂ ಇದನ್ನೇ: ನಗರದ ಹೆದ್ದಾರಿ ಎಷ್ಟು ಪಾಲು ಹೆಚ್ಚಿದರೆ ಗಾಡಿಗಳ ಓಡಾಟವೂ ಹೆಚ್ಚು ಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ. ಹ್ಯೂಸ್ಟನ್‌ನ ಕೇಟಿ ಫ್ರೀವೇಯನ್ನು 2008ರ ಹೊತ್ತಿಗೆ ಪಕ್ಕದ ರಸ್ತೆಗಳನ್ನೂ ಸೇರಿಸಿ 26 ಲೇನಿನಷ್ಟು ಅಗಲ ಮಾಡಿದರು. ಕೆಲವೇ ವರ್ಷಗಳಲ್ಲಿ ಸಂಜೆಯ ಪ್ರಯಾಣದ ಹೊತ್ತು ಮತ್ತೆ ಏರತೊಡಗಿತು.

ಅಷ್ಟು ದೂರ ಹೋಗುವುದೇ ಬೇಡ. ಹೆಬ್ಬಾಳದ ಮೇಲ್ಸೇತುವೆಯನ್ನೇ ನೋಡಿ. 2003ರಲ್ಲಿ ತೆರೆದಾಗ ಊರಿಗೇ ಹೆಮ್ಮೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಹೋಯಿತು. ಆಮೇಲಿನದು ದಿನಾ ಅಲ್ಲಿ ನಿಲ್ಲುವವರಿಗೆ ಗೊತ್ತು. ಈಗ ಅದಕ್ಕೆ ಲೂಪ್ ಮೇಲೆ ಲೂಪ್ ಸೇರಿಸುತ್ತಿದ್ದೇವೆ. ಸುರಂಗದಿಂದ ಹೊರಬಂದ ಕಾರುಗಳು ಬಂದು ಸೇರುವುದೂ ಅಲ್ಲಿಗೇ ಅಲ್ವಾ? ಸುರಂಗದ ಒಳಗೆ ಇಪ್ಪತ್ತು ನಿಮಿಷ ಇರಬಹುದು. ಬಾಯಲ್ಲಿ ಎಷ್ಟು ಹೊತ್ತು ಎಂದು ಭಾವ ಹೇಳುವುದಿಲ್ಲ.

ಇನ್ನು ಯಾವಾಗ ಎಂಬ ಪ್ರಶ್ನೆ. ಮೆಟ್ರೋ ಗುಲಾಬಿ ಮಾರ್ಗದ 13.76 ಕಿ.ಮೀ. ನೆಲದಡಿಯ ದಾರಿಯನ್ನು ಒಂಬತ್ತು ಯಂತ್ರಗಳು ಕೊರೆದವು. ತುಂಗಾ, ಭದ್ರಾ, ಊರ್ಜಾ ಎಂದು ಅವಕ್ಕೆ ಚೆಂದದ ಹೆಸರುಗಳೂ ಇದ್ದವು. 2020ರಲ್ಲಿ ಶುರುವಾದ ಕೊರೆತ 2024ರ ಅಕ್ಟೋಬರಿನಲ್ಲಿ ಮುಗಿಯಿತು. ಅದು ಒಂದೇ ರೈಲು ಹಿಡಿಸುವ ಸಣ್ಣ ಕೊಳವೆ. ಮೂರು ಲೇನಿನ ರಸ್ತೆಗೆ ಅದರ ಎರಡರಷ್ಟು ಅಗಲದ ಕೊಳವೆ ಬೇಕು. ನೆಲದ ಮೇಲಿನ ಈಜಿಪುರ ಮೇಲ್ಸೇತುವೆ ಎರಡೂವರೆ ಕಿ.ಮೀ. 2017ರಲ್ಲಿ ಶುರುವಾಗಿ ಎಂಟು ವರ್ಷ ಕಳೆದರೂ ಮುಗಿದಿರಲಿಲ್ಲ. ದುಡ್ಡಿನ ಅಂದಾಜಿಗೂ ಒಂದು ಎಚ್ಚರಿಕೆ: ಬಾಸ್ಟನ್ ನಗರದ ಸುರಂಗ ಹೆದ್ದಾರಿಯ ಮೊದಲ ಅಂದಾಜು ಸುಮಾರು 280 ಕೋಟಿ ಡಾಲರ್ ಇತ್ತು. 2007ರಲ್ಲಿ ಮುಗಿಯುವ ಹೊತ್ತಿಗೆ 1,400 ಕೋಟಿ ದಾಟಿತ್ತು.

ಮೆಟ್ರೋ

ನೀಲಿ ಮಾರ್ಗ ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರ, ಹೆಬ್ಬಾಳ ದಾಟಿ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಒಟ್ಟು 58 ಕಿ.ಮೀ. 2021ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಾಗಿನ ವೆಚ್ಚ 14,788 ಕೋಟಿ. ಕಿಲೋಮೀಟರಿಗೆ 250 ಕೋಟಿ ಚಿಲ್ಲರೆ. 2024ರಲ್ಲಿ ಒಪ್ಪಿಗೆ ಸಿಕ್ಕ ಮೂರನೇ ಹಂತ 44.65 ಕಿ.ಮೀ.ಗೆ 15,611 ಕೋಟಿ, ಅಂದರೆ ಕಿಲೋಮೀಟರಿಗೆ 350 ಕೋಟಿ. ಒಪ್ಪಿಗೆಯ ಕಾಗದದ ಅಂಕಿಗಳು ಇವು, ಕೆಲಸ ಎಳೆದಷ್ಟೂ ಏರುತ್ತವೆ. ಮೆಟ್ರೋ ಎಲ್ಲ ಕಡೆ ಅಗ್ಗ ಅಂತಲೂ ತಿಳಿಯಬೇಡಿ. ಸರ್ಜಾಪುರದಿಂದ ಹೆಬ್ಬಾಳಕ್ಕೆ ಯೋಚಿಸಿರುವ ಕೆಂಪು ಮಾರ್ಗಕ್ಕೆ 2024ರ ಅಂದಾಜಿನಲ್ಲಿ ಸುಮಾರು 37 ಕಿ.ಮೀ.ಗೆ 28,000 ಕೋಟಿಗೂ ಜಾಸ್ತಿ ಬೇಕಿತ್ತು. ನೆಲದಡಿ ಹೋದ ಕೂಡಲೇ ಯಾವುದೇ ಆಗಲಿ ಜೇಬು ಹರಿಯುತ್ತದೆ.

ಆರು ಬೋಗಿಯ ಒಂದು ರೈಲಿನಲ್ಲಿ ಒತ್ತಿಕೊಂಡರೆ ಸುಮಾರು 2,000 ಜನ. ಐದು ನಿಮಿಷಕ್ಕೆ ಒಂದು ರೈಲು ಬಂದರೆ ಗಂಟೆಗೆ 24,000. ಮೂರು ನಿಮಿಷಕ್ಕೆ ಒಂದಾದರೆ 40,000. ಸುರಂಗದ 8,000 ನೆನಪಿದೆ ಅಲ್ವಾ? ತಲೆ ಲೆಕ್ಕದಲ್ಲಿ ಮೆಟ್ರೋ ಮುಂದೆ ಯಾವುದೂ ನಿಲ್ಲುವುದಿಲ್ಲ.

ಹಾಗಂತ ಮೆಟ್ರೋ ಭಕ್ತರಿಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಒಂದು, ಕಾಲ. ಮೊದಲ ಹಂತದ ಶಂಕುಸ್ಥಾಪನೆ 2006ರಲ್ಲಿ. 42 ಕಿ.ಮೀ. ಪೂರ್ತಿಯಾದದ್ದು 2017ರಲ್ಲಿ. ಎರಡನೇ ಹಂತಕ್ಕೆ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅದರ ಹಳದಿ ಮಾರ್ಗ ತೆರೆದದ್ದು 2025ರ ಆಗಸ್ಟಿನಲ್ಲಿ. ತೆರೆದಾಗಲೂ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೆ ಒಂದು. ಕಂಬ, ನಿಲ್ದಾಣ, ಹಳಿ ಎಲ್ಲ ಇದ್ದು ರೈಲು ಇಲ್ಲದಿದ್ದರೆ 2,000ದ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ.

ಎರಡು, ದರ. 2025ರ ಫೆಬ್ರವರಿಯಲ್ಲಿ ಏರಿಸಿದ ಪಟ್ಟಿಯಲ್ಲಿ 15ರಿಂದ 20 ಕಿ.ಮೀ.ಗೆ 70 ರೂಪಾಯಿ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿನಲ್ಲಿ ಅಷ್ಟೇ ದೂರ 40 ರೂಪಾಯಿ ಪೆಟ್ರೋಲಿನಲ್ಲಿ ಮುಗಿಯುತ್ತದೆ. ಹಿಂದೆ ಹೆಂಡತಿ ಕೂತರೆ ತಲೆಗೆ 20. ಹೀಗಿರುವಾಗ ಸ್ಕೂಟರ್ ಬಿಟ್ಟು ಬನ್ನಿ ಎಂದರೆ ಯಾರು ಬರುತ್ತಾರೆ? ಸಾವಿರಾರು ಕೋಟಿ ಹಾಕಿ ಕಟ್ಟಿ, ಕೊನೆಗೆ ಟಿಕೆಟ್ಟಿನಲ್ಲಿ ಜನರನ್ನು ಹೊರಗಿಡುವುದು ಎಂಥ ಲೆಕ್ಕವೋ ನನಗಂತೂ ಅರ್ಥ ಆಗಿಲ್ಲ.

ಮೂರನೆಯದನ್ನು ಮೆಟ್ರೋ ಪರ ಇರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಮೆಟ್ರೋ ಬಂದರೂ ಕೆಳಗಿನ ರಸ್ತೆ ಖಾಲಿ ಆಗುವುದಿಲ್ಲ. ಕೆಲವರು ರೈಲು ಹತ್ತಿದರೆ ಅವರು ಬಿಟ್ಟ ಜಾಗಕ್ಕೆ ಬೇರೆಯವರು ಕಾರು ತರುತ್ತಾರೆ. ಮೊದಲು ಹೇಳಿದ ಆ ಇಬ್ಬರ ಅಧ್ಯಯನದಲ್ಲೂ ಇದೇ ಕಂಡದ್ದು: ಸಾರ್ವಜನಿಕ ಸಾರಿಗೆ ಹೆಚ್ಚಿದ ಮಾತ್ರಕ್ಕೆ ಗಾಡಿಗಳ ಓಟ ಕಡಿಮೆ ಆಗಲಿಲ್ಲ. ಮೆಟ್ರೋ ಕೊಡುವುದು ಜಾಮ್ ಇಲ್ಲದ ರಸ್ತೆಯನ್ನಲ್ಲ, ಜಾಮಿನೊಳಗೆ ಸಿಕ್ಕದೆ ಹೋಗುವ ಒಂದು ದಾರಿಯನ್ನು. ಅದು ಸಣ್ಣ ವಿಷಯ ಅಲ್ಲ. ಆದರೆ "ಮೆಟ್ರೋ ಬಂದರೆ ನನ್ನ ಕಾರಿಗೆ ದಾರಿ ಸಲೀಸು" ಎಂದು ಕಾಯುವವರಿಗೆ ನಿರಾಸೆ ಆಗುತ್ತದೆ.

ಉಪನಗರ ರೈಲು

ಇದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಆಸೆ ಜಾಸ್ತಿ ಇದ್ದರೂ. ನಾಲ್ಕು ಮಾರ್ಗ, 148 ಕಿ.ಮೀ., 15,767 ಕೋಟಿ. ಕಿಲೋಮೀಟರಿಗೆ ನೂರು ಕೋಟಿಯ ಆಸುಪಾಸು. ಬಹಳಷ್ಟು ಕಡೆ ಈಗಿರುವ ರೈಲ್ವೆ ಹಳಿಯ ಪಕ್ಕದಲ್ಲೇ ಹೋಗುವುದರಿಂದ ಇಷ್ಟು ಕಡಿಮೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳು. ನಮ್ಮ ಹೆಬ್ಬಾಳವನ್ನು ಮುಟ್ಟುವುದು ಮಲ್ಲಿಗೆ. ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ಕನಕ ಹೆಬ್ಬಾಳಕ್ಕೂ ಬರುವುದಿಲ್ಲ, ಸಿಲ್ಕ್ ಬೋರ್ಡಿಗೂ ಹೋಗುವುದಿಲ್ಲ. ಆದರೆ ಹೊಸೂರು ರಸ್ತೆ ಕಡೆಯಿಂದ ಬರುವವರನ್ನು ಸಿಲ್ಕ್ ಬೋರ್ಡಿಗೆ ಬರದ ಹಾಗೇ ಎತ್ತಿಕೊಂಡು ಹೋಗುತ್ತದೆ. 2020ರಲ್ಲಿ ಒಪ್ಪಿಗೆ, 2022ರ ಜೂನಿನಲ್ಲಿ ಶಂಕುಸ್ಥಾಪನೆ. ಅಲ್ಲಿಂದ ಮುಂದೆ ಆಮೆ. ರಾಜ್ಯ, ರೈಲ್ವೆ, ಗುತ್ತಿಗೆದಾರ ಮೂವರೂ ಒಟ್ಟಿಗೆ ಒಂದೇ ಕಡೆ ಎಳೆಯಬೇಕಾದ ಬಂಡಿ ಇದು. ದುಡ್ಡಿಗೆ ತಕ್ಕ ಬೆಲೆ ಎಂದು ನೋಡಿದರೆ ರೈಲಿನ ಪೈಕಿ ಇದೇ ಮೊದಲು. ಯಾವಾಗ ಎಂಬ ಪ್ರಶ್ನೆಯಲ್ಲಿ ಕೊನೆ.

ಬಸ್ಸು

ಈಗ ನನ್ನ ಪಕ್ಷಕ್ಕೆ ಬಂದೆ. ಪಕ್ಷಪಾತ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಬಿಎಂಟಿಸಿ ಹತ್ತಿರಹತ್ತಿರ 7,000 ಬಸ್ಸಿನಲ್ಲಿ ದಿನಕ್ಕೆ 40 ಲಕ್ಷಕ್ಕೂ ಜಾಸ್ತಿ ಜನರನ್ನು ಸಾಗಿಸುತ್ತದೆ. ಮೆಟ್ರೋ ಹಳದಿ ಮಾರ್ಗ ಸೇರಿ 96 ಕಿ.ಮೀ. ಆದ ಮೇಲೆ ಮುಟ್ಟಿದ್ದು 10 ಲಕ್ಷದ ಆಸುಪಾಸು. ಮಾತು ಪೂರ್ತಿ ಮೆಟ್ರೋದ್ದು, ಹೊರೆ ಹೊರುವುದು ಬಸ್ಸು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ. ಭಾವನ ಮನೆಯ ಅಡುಗೆಯಾಕೆ ಆ ಉಳಿತಾಯದಲ್ಲೇ ಮಗನ ಟ್ಯೂಷನ್ ಕಟ್ಟುತ್ತಾಳೆ. ಸುರಂಗದ ಟೋಲಿನ ಬಗ್ಗೆ ಅವಳನ್ನು ಕೇಳುವುದರಲ್ಲಿ ಅರ್ಥ ಇಲ್ಲ.

ಒಂದು ಎಲೆಕ್ಟ್ರಿಕ್ ಬಸ್ಸಿಗೆ ಒಂದೂವರೆ ಕೋಟಿ ಎಂದು ಇಟ್ಟುಕೊಳ್ಳಿ. ಸುರಂಗದ 17,700 ಕೋಟಿಗೆ 11,800 ಬಸ್ಸು. ಈಗ ಇರುವುದಕ್ಕಿಂತ ಒಂದೂವರೆ ಪಟ್ಟು ಜಾಸ್ತಿ, ಹೊಸದಾಗಿ! ಇದು ಸುಮ್ನೆ ಅಳತೆ ಗೊತ್ತಾಗಲಿ ಅಂತ ಹೇಳಿದ್ದು. ಅಷ್ಟೂ ಬಸ್ಸು ಒಮ್ಮೆಗೇ ತಂದರೆ ನಿಲ್ಲಿಸಲು ಡಿಪೋ ಇಲ್ಲ, ಚಾರ್ಜಿಂಗ್ ಇಲ್ಲ, ಚಾಲಕರೂ ಇಲ್ಲ. ಬಸ್ಸಿನ ಖರ್ಚು ಕೊಂಡಾಗ ಮುಗಿಯುವುದಿಲ್ಲ, ಪ್ರತಿ ತಿಂಗಳು ಸಂಬಳ, ಇಂಧನ, ರಿಪೇರಿ ಇರುತ್ತದೆ. ಸರ್ಕಾರ ಪ್ರತಿ ವರ್ಷ ಬಜೆಟ್ಟಿನಲ್ಲಿ ಎತ್ತಿಡಬೇಕು. ಒಂದು ವರ್ಷ ಕೈ ಬಿಗಿ ಮಾಡಿದರೆ ಸೇವೆ ಕೆಡುತ್ತದೆ. ಬಸ್ಸಿನ ದೊಡ್ಡ ದೌರ್ಬಲ್ಯ ಇದು. ಮೆಟ್ರೋಗೂ ವರ್ಷದ ಖರ್ಚು ಉಂಟು. ಆದರೆ ಅದನ್ನು ನಿಲ್ಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಬಸ್ಸನ್ನು ಕಡಿತ ಮಾಡಿದರೆ ಸುದ್ದಿಯೇ ಆಗುವುದಿಲ್ಲ.

ಬಸ್ಸೂ ಜಾಮಿನಲ್ಲೇ ನಿಲ್ಲುತ್ತದಲ್ಲ ಎಂದು ಭಾವ ಕೇಳುತ್ತಾರೆ. ಹೌದು. ಅದಕ್ಕೇ ಬಸ್ ಲೇನ್ ಬೇಕು. ಲೆಕ್ಕ ನೋಡಿ: ಒಂದು ಲೇನಿನಲ್ಲಿ ಅರ್ಧ ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ. ಗಂಟೆಗೆ 7,200. ಸುರಂಗದ ಮೂರು ಲೇನ್ ಹೊರುವಷ್ಟು ಜನರನ್ನು ಈಗಾಗಲೇ ಇರುವ ರಸ್ತೆಯ ಒಂದು ಲೇನ್ ಹೆಚ್ಚು ಕಡಿಮೆ ಹೊತ್ತಿತು. ಬೇಕಾದದ್ದು ಬಣ್ಣ, ಗೂಟ, ಕ್ಯಾಮೆರಾ, ದಂಡ.

2019ರ ಕೊನೆಯಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದ ಕಡೆಗೆ ಇದನ್ನು ಮಾಡಿಯೂ ನೋಡಿದೆವು. ನಾನು ಆಗ 500ಡಿಯಲ್ಲಿ ಕೂತು ಪಕ್ಕದಲ್ಲಿ ನಿಂತ ಕಾರುಗಳನ್ನು ಹಿಂದೆ ಹಾಕಿ ಹೋದದ್ದು ಈಗಲೂ ಕನಸಿನ ಹಾಗೆ ನೆನಪಿದೆ. ಆಮೇಲೆ ಕೊರೋನಾ ಬಂತು. ಅದರ ಹಿಂದೆಯೇ ಮೆಟ್ರೋ ಕೆಲಸಕ್ಕೆ ರಸ್ತೆ ಅಗೆದರು. ಲೇನ್ ಅಳಿಸಿಹೋಯಿತು.

ಬಸ್ ಲೇನಿಗೆ ದುಡ್ಡು ಕಡಿಮೆ, ಧೈರ್ಯ ಜಾಸ್ತಿ ಬೇಕು. ಜಾಮಿನಲ್ಲಿ ನಿಂತವನಿಗೆ ಪಕ್ಕದ ಲೇನ್ ಖಾಲಿ ಕಂಡರೆ ಹೊಟ್ಟೆ ಉರಿಯುತ್ತದೆ. ಅರ್ಧ ನಿಮಿಷಕ್ಕೆ 60 ಜನ ದಾಟುತ್ತಿದ್ದರೂ ಅದು ಖಾಲಿಯಂತೆಯೇ ಕಾಣುತ್ತದೆ. ದೆಹಲಿಯಲ್ಲಿ 2008ರಲ್ಲಿ ಶುರುವಾದ ಬಸ್ ಪಥವನ್ನು ಈ ಸಿಟ್ಟಿಗೇ 2016ರಲ್ಲಿ ಕಿತ್ತುಹಾಕಿದರು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ 22 ಕಿ.ಮೀ. ಬಿಆರ್‌ಟಿಎಸ್, ಅಂದರೆ ಬಸ್ಸಿಗೇ ಮೀಸಲಾದ ಪಥ ಇದೆ, 2018ರಿಂದ ಚಿಗರಿ ಬಸ್ಸು ಓಡುತ್ತಿವೆ. ಎರಡೂ ಊರುಗಳ ನಡುವೆ ದಿನಾ ಓಡಾಡುವವರಿಗೆ ಅದರ ಬೆಲೆ ಗೊತ್ತು. ಅಲ್ಲೂ "ಬಸ್ಸಿಗೆ ಅಷ್ಟು ಅಗಲ, ನಮಗೆ ಇಷ್ಟೇ ಏನು?" ಎಂಬ ಕೂಗು ನಿಂತಿಲ್ಲ. ಬಸ್ಸುಗಳು ಹಳೆಯದಾದಾಗ ಬದಲಿಸದಿದ್ದರೆ ಆ ಕೂಗು ಗೆಲ್ಲುತ್ತದೆ.

ಗೆದ್ದ ಊರೂ ಇದೆ. ದಕ್ಷಿಣ ಕೊರಿಯಾದ ಸೋಲ್ ನಗರದವರು 2003ರಲ್ಲಿ ಊರ ನಡುವಿನ ಚಿಯಾಂಗ್ಯೆಚಾನ್ ಮೇಲ್ಸೇತುವೆ ಹೆದ್ದಾರಿಯನ್ನೇ ಕೆಡವಲು ಹೊರಟರು. ದಿನಕ್ಕೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಗಾಡಿ ಓಡುತ್ತಿದ್ದ ರಸ್ತೆ ಅದು. ಊರು ನಿಂತೇಹೋಗುತ್ತದೆ ಎಂದರು. 2004ರಲ್ಲಿ ಬಸ್ ಮಾರ್ಗಗಳನ್ನೆಲ್ಲ ಹೊಸದಾಗಿ ಹೆಣೆದು, ರಸ್ತೆ ನಡುವೆ ಬಸ್ ಲೇನ್ ಹಾಕಿದರು. ಊರು ನಿಲ್ಲಲಿಲ್ಲ. ಹೆದ್ದಾರಿಯ ಕೆಳಗೆ ಮುಚ್ಚಿಹೋಗಿದ್ದ ತೊರೆ 2005ರಲ್ಲಿ ಮತ್ತೆ ಹರಿಯಿತು. ಸೋಲ್‌ನಲ್ಲಿ ಮೊದಲೇ ದೊಡ್ಡ ಸಬ್‌ವೇ ಇತ್ತು ಎಂಬುದನ್ನೂ ಹೇಳಬೇಕು. ನಮಗೆ ಅಷ್ಟು ಆಸರೆ ಇಲ್ಲ.

ರಸ್ತೆಯೇ ಗೆಲ್ಲುವ ಕಡೆ

ರಸ್ತೆ ಕಟ್ಟಲೇಬಾರದು ಎಂದು ನಾನು ಹೇಳುತ್ತಿಲ್ಲ. ತುಮಕೂರು ಕಡೆಯಿಂದ ಹೊಸೂರಿಗೆ ಹೋಗುವ ಲಾರಿಗೆ ಬೆಂಗಳೂರಿನ ಒಳಗೆ ಏನೂ ಕೆಲಸ ಇಲ್ಲ. ಅದಕ್ಕೆ ಊರ ಹೊರಗಿನ ವರ್ತುಲ ರಸ್ತೆ ಬೇಕು. ಅದನ್ನು ಮೆಟ್ರೋ ಹೊರಲಾಗುವುದಿಲ್ಲ. ರೈಲ್ವೆ ಗೇಟಿನ ಹತ್ತಿರ ಕೆಳಸೇತುವೆ, ಎರಡು ಬಡಾವಣೆ ನಡುವೆ ತುಂಡಾಗಿ ನಿಂತ ನೂರು ಅಡಿ ರಸ್ತೆ, ಇವಕ್ಕೆ ಹಾಕಿದ ದುಡ್ಡೂ ಸಾರ್ಥಕ. ನನ್ನ ತಕರಾರು ಊರ ಹೊಟ್ಟೆಯೊಳಗೆ ಕಾರುಗಳನ್ನು ಇನ್ನಷ್ಟು ತುಂಬುವ ರಸ್ತೆಯ ಬಗ್ಗೆ ಮಾತ್ರ.

ಆಂಬುಲೆನ್ಸಿನ ವಾದ ಪದೇ ಪದೇ ಬರುತ್ತದೆ. ಆಂಬುಲೆನ್ಸಿಗೆ ಬಸ್ ಲೇನ್ ಚೆನ್ನಾಗಿ ಆಗುತ್ತದೆ, ನಡುವೆ ಎಲ್ಲಿ ಬೇಕಾದರೂ ಆಸ್ಪತ್ರೆ ಕಡೆ ತಿರುಗಬಹುದು. ಕೆಲವೇ ಕಡೆ ಹೊರಬರಲಾಗುವ ಸುರಂಗದಲ್ಲಿ ಅದು ಕಷ್ಟ.

ನಿಮಗೆ ಯಾವುದು?

ನೀವು ದಿನಾ ಕಾರಿನಲ್ಲಿ ಇದೇ ಎರಡು ತುದಿ ಓಡಾಡುವವರು, ಟೋಲಿನ ಚಿಂತೆ ಇಲ್ಲ, ಇನ್ನೈದಾರು ವರ್ಷ ಕಾಯುವ ತಾಳ್ಮೆ ಇದೆ ಅಂದರೆ ಸುರಂಗ ನಿಮಗೆ ಸ್ವಲ್ಪ ಕಾಲ ಸುಖ ಕೊಡುತ್ತದೆ. ನೀವು ನಡುವೆ ಎಲ್ಲೋ ಇಳಿಯುವವರಾದರೆ, ಉದಾಹರಣೆಗೆ ಮನೆ ಮಲ್ಲೇಶ್ವರದಲ್ಲಿ, ಕೆಲಸ ಜಯನಗರದಲ್ಲಿ, ಆಗ ಅದರಿಂದ ನಿಮಗೆ ಆಗುವುದು ಅಷ್ಟಕ್ಕಷ್ಟೇ. ಹಸಿರು ಮಾರ್ಗ ಈಗಲೇ ಇದೆ.

ಸ್ಕೂಟರಿನವರಿಗೆ ಸುರಂಗದಿಂದ ಏನೂ ಇಲ್ಲ. ಮೆಟ್ರೋ ದರ ಇಳಿದರೆ, ಪಾಸ್ ಅಗ್ಗವಾದರೆ ಮಾತ್ರ ಲಾಭ. ಹೊರವರ್ತುಲ ರಸ್ತೆಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು ನೀಲಿ ಮಾರ್ಗದ ಜೊತೆಗೆ ನಿಲ್ದಾಣದಿಂದ ಆಫೀಸಿಗೆ ನಡೆಯುವ ಫುಟ್‌ಪಾತ್ ಕೂಡ ಕೇಳಬೇಕು. ಒಂದು ಕಿಲೋಮೀಟರ್ ನಡೆಯಲಾಗದೆ ಆಟೋಗೆ ನೂರು ಕೊಟ್ಟರೆ ಮೆಟ್ರೋ ಹತ್ತಿದ ಖುಷಿ ಅಲ್ಲಿಗೇ ಮುಗಿಯಿತು. ಪೀಣ್ಯ, ಬೊಮ್ಮನಹಳ್ಳಿ ಕಡೆಯ ಕಾರ್ಖಾನೆಗಳ ಹೆಂಗಸರಿಗೆ, ಮನೆಕೆಲಸದವರಿಗೆ, ಕಾಲೇಜು ಹುಡುಗರಿಗೆ ನಾಳೆಯೇ ವ್ಯತ್ಯಾಸ ಮಾಡುವುದು ಬಸ್ಸು ಒಂದೇ. ಮೈಸೂರು, ಮಂಗಳೂರು, ಬೆಳಗಾವಿಯಲ್ಲಿ ಕೂತು ಇದನ್ನು ಓದುತ್ತಿರುವವರು ಮೆಟ್ರೋ ಆಸೆ ಸದ್ಯಕ್ಕೆ ಬದಿಗಿಡಿ. ನಿಮ್ಮ ಊರಿಗೆ ಇನ್ನೂ ನೂರಿನ್ನೂರು ಸಿಟಿ ಬಸ್ಸು ಮತ್ತು ಬಸ್ಸಿಗೆ ಮೊದಲು ಹಸಿರು ಬೀಳುವ ನಾಲ್ಕು ಸಿಗ್ನಲ್ ಸಾಕು. ಬೆಂಗಳೂರು ಮಾಡಿದ ತಪ್ಪನ್ನು ಮಾಡದೇ ಇರುವ ಅವಕಾಶ ನಿಮಗೆ ಇನ್ನೂ ಇದೆ.

ಕೈಯಲ್ಲಿ ಎಷ್ಟಿದೆ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. ಐನೂರು ಕೋಟಿ ಇದ್ದರೆ ನಾನು ಮುಖ್ಯ ರಸ್ತೆಗಳಲ್ಲಿ ಬಸ್ ಲೇನ್, ನಿಲ್ದಾಣ, ಫುಟ್‌ಪಾತ್ ಮಾಡಿಸುತ್ತೇನೆ, ಒಂದು ವರ್ಷದೊಳಗೆ ಫಲ ಕಾಣುತ್ತದೆ. ಐದು ಸಾವಿರ ಕೋಟಿ ಇದ್ದರೆ ಅದರ ಮೇಲೆ ಎರಡು ಸಾವಿರ ಬಸ್ಸು, ಡಿಪೋ, ಉಪನಗರ ರೈಲಿನ ಒಂದು ಮಾರ್ಗಕ್ಕೆ ಒತ್ತು. ಹದಿನೈದು ಇಪ್ಪತ್ತು ಸಾವಿರ ಕೋಟಿ ಇದ್ದಾಗ ಮೆಟ್ರೋ, ಅದೂ ಆದಷ್ಟು ನೆಲದ ಮೇಲೆ. ಇಷ್ಟೆಲ್ಲ ಆಗಿ ಇನ್ನೂ ದುಡ್ಡು ಉಳಿದರೆ ಭಾವನಿಗೆ ಸುರಂಗ. ಭಾವ ಇದನ್ನು ಓದುತ್ತಾರೆ, ಗೊತ್ತು.

ನನ್ನ ಲೆಕ್ಕ ನಂಬಬೇಡಿ, ನೀವೇ ಎಣಿಸಿ. ಒಂದು ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಹೊರವರ್ತುಲ ರಸ್ತೆಯ ಯಾವುದಾದರೂ ಸ್ಕೈವಾಕ್ ಮೇಲೆ ಹತ್ತು ನಿಮಿಷ ನಿಲ್ಲಿ. ಒಂದು ಚೀಟಿಯಲ್ಲಿ ಕಾರಿನೊಳಗಿನ ತಲೆಗಳು, ಇನ್ನೊಂದರಲ್ಲಿ ಬಸ್ಸಿನೊಳಗಿನ ತಲೆಗಳು. ಆಮೇಲೆ ಕೆಳಗಿಳಿದು 500ಡಿ ಹತ್ತಿ, ಗಡಿಯಾರ ನೋಡಿಕೊಂಡು ಸಿಲ್ಕ್ ಬೋರ್ಡಿಗೆ ಹೋಗಿ. ಸೀಟು ಸಿಗುವುದಿಲ್ಲ, ಹೇಳಿರುತ್ತೇನೆ.